ಡಾಕ್ಟ್ರು ಬರೋತನಕ

ಹೋದ ವರ್ಷ ಒಂದು ಭಾನುವಾರ. ಬೆಂಗಳೂರಿನ ಹೊರಗಿನ ಒಂದು ಪ್ರಾಣಿ ಆಶ್ರಯಧಾಮದಲ್ಲಿ, ತಗಡಿನ ಶೆಡ್ಡಿನ ಕೆಳಗೆ ನಾವು ಹನ್ನೊಂದು ಜನ ನೆಲದ ಮೇಲೆ ಕೂತಿದ್ವಿ. ಏಳು ಜನ ಅಲ್ಲೇ ಕೆಲಸ ಮಾಡೋರು: ನಾಯಿ ಹಿಡಿಯೋರು, ಗೂಡು ತೊಳೆಯೋರು, ಆಂಬುಲೆನ್ಸ್ ಓಡಿಸೋರು. ಉಳಿದ ನಾಲ್ವರು ನನ್ನಂಥ ವೀಕೆಂಡ್ ಸ್ವಯಂಸೇವಕರು, ಎಲ್ಲರೂ ಐಟಿ. ಪಾಠ ಮಾಡೋಕೆ ಬಂದಿದ್ದ ಪಶುವೈದ್ಯೆ ಮೊದಲನೇ ಪ್ರಶ್ನೆ ಕೇಳಿದ್ರು: "ರಾತ್ರಿ ಎರಡು ಗಂಟೆ. ಕಾರಿಗೆ ಸಿಕ್ಕ ನಾಯಿಯನ್ನ ಯಾರೋ ಗೇಟಲ್ಲಿ ಬಿಟ್ಟು ಹೋಗಿದಾರೆ. ನಾನಿಲ್ಲ. ಫೋನೂ ಎತ್ತುತ್ತಿಲ್ಲ. ಮೊದಲು ಏನು ನೋಡ್ತೀರಿ?"

ನಾವು ಐಟಿಯವರು ಪೈಪೋಟಿಗೆ ಬಿದ್ದು ಉತ್ತರ ಕೊಟ್ವಿ. ರಕ್ತ ಎಲ್ಲಿಂದ ಬರ್ತಿದೆ, ಕಾಲು ಮುರಿದಿದೆಯಾ, ಎಕ್ಸ್‌ರೇ ಎಲ್ಲಿ ಸಿಗುತ್ತೆ. ವೈದ್ಯೆ ಏನೂ ಹೇಳಲಿಲ್ಲ. ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಹುಡುಗ, ನಾಯಿ ಹಿಡಿಯೋ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು, ಮೆಲ್ಲಗೆ ಅಂದ: "ಉಸಿರು ನೋಡ್ತೀನ್ರಿ. ಆಮ್ಯಾಲ ತುಟಿ ಎತ್ತಿ ವಸಡಿ ನೋಡ್ತೀನಿ."

ಮಾತು ಕೇಳಿದ ಕೂಡ್ಲೆ ನಮ್ಮ ಕಡೆಯವನು ಅಂತ ಗೊತ್ತಾಯ್ತು. ರಾಮದುರ್ಗ ತಾಲೂಕಂತೆ. ಯಾರು ಕಲಿಸಿದ್ರಪ್ಪ ಅಂತ ವೈದ್ಯೆ ಕೇಳಿದ್ರೆ, "ನಮ್ಮಪ್ಪ ಸಂತ್ಯಾಗ ಎತ್ತು ಕೊಳ್ಳೂ ಮುಂದ ಹಂಗ ನೋಡ್ತಾನ್ರಿ. ಹಲ್ಲು ಎಣಸ್ತಾನ, ಹಂಗ ವಸಡಿನೂ ನೋಡ್ತಾನ" ಅಂದ.

ವೈದ್ಯೆ ಅಲ್ಲಿದ್ದ ಒಂದು ಸಾಧು ನಾಯಿಯ ತುಟಿ ಎತ್ತಿದ್ರು. ವಸಡಿನ ಮೇಲೆ ಬೆರಳಿಟ್ಟು ಒತ್ತಿ ಬಿಟ್ರು. ಬೆಳ್ಳಗಾದ ಜಾಗ ಮತ್ತೆ ಗುಲಾಬಿ ಬಣ್ಣಕ್ಕೆ ಬರೋಕೆ 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತ ಸರಿಯಾಗಿ ಓಡ್ತಿಲ್ಲ ಅಂತ ಅರ್ಥ. ವಸಡು ಬಿಳಿಚಿದ್ದರೆ ರಕ್ತ ಹೋಗಿರಬಹುದು, ನೀಲಿಯಾಗಿದ್ದರೆ ಉಸಿರು ಸಾಲ್ತಿಲ್ಲ. "ಕಡುಗೆಂಪಾಗಿ, ಹೊಳೀತಾ ಇದ್ರೆ?" ಅಂತ ನಾನು ಕೇಳಿದೆ. ಯಾಕೆ ಕೇಳಿದೆ ಅಂತ ನನಗೇ ಆ ಕ್ಷಣ ಗೊತ್ತಿರಲಿಲ್ಲ. ಅವರು ನನ್ನ ಕಡೆ ತಿರುಗಿ, "ನಾಯಿಯಲ್ಲೋ, ದನದಲ್ಲೋ?" ಅಂದ್ರು.

ದನದಲ್ಲಿ. ನಮ್ಮೂರು ಬೈಲಹೊಂಗಲದಿಂದ ಸವದತ್ತಿಗೆ ಹೋಗೋ ದಾರಿಯಿಂದ ಸ್ವಲ್ಪ ಒಳಗಿದೆ. ಎರಿ ಭೂಮಿ. ಜೋಳ, ಹತ್ತಿ, ಕಡಲೆ, ಈಗ ನೀರಿದ್ದಲ್ಲೆಲ್ಲ ಕಬ್ಬು. ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ಮುಂಗಾರು ಒಮ್ಮೆ ಮುಖ ತೋರಿಸಿ ಮೂರು ವಾರ ಕೈಕೊಟ್ಟಿತ್ತು. ಮೊಣಕಾಲೆತ್ತರದ ಜೋಳ ಬಾಡಿಕೊಂಡು ನಿಂತಿತ್ತು. ಒಂದು ಸಂಜೆ ನಮ್ಮ ಜೋಡೆತ್ತಿನಲ್ಲಿ ಒಂದು, ಸೋಮ್ಯಾ ಅಂತ ಅದರ ಹೆಸರು, ಹಗ್ಗ ಬಿಚ್ಚಿಕೊಂಡು ಹೊಲಕ್ಕೆ ನುಗ್ಗಿ ಮೇದುಬಿಡ್ತು. ಹಿಡ್ಕೊಂಡು ಬಂದು ಕಟ್ಟಿದ ಸ್ವಲ್ಪ ಹೊತ್ತಿಗೆ ನಡುಕ, ಬಾಯಲ್ಲಿ ನೊರೆ, ದಬ್ಬನೆ ಬಿತ್ತು. "ಹೊಟ್ಟಿ ಉಬ್ಬೇತಿ" ಅಂದ್ರು ಯಾರೋ. ಅಜ್ಜ ಎಣ್ಣೆ ತಂದು, ಮಲಗಿದ್ದ ಎತ್ತಿನ ಬಾಯಿಗೆ ಗೊಟ್ಟ ಹಾಕಿದ. ನಾಲ್ಕು ಜನ ತಲೆ ಹಿಡಿದಿದ್ದರು. ಕಂದೀಲು ಹಿಡಿಯೋ ಕೆಲಸ ನಂದು, ಅದಕ್ಕೇ ಅದರ ತುಟಿಯ ಒಳಗಿನ ಬಣ್ಣ ನನಗೆ ನೆನಪಿದೆ. ಅಪ್ಪ ಸೈಕಲ್ ಹತ್ತಿ ಡಾಕ್ಟರನ್ನ ಕರೆಯೋಕೆ ಹೋದ. ಡಾಕ್ಟರು ಇನ್ನೊಂದು ಊರಿಗೆ ಹೋಗಿದ್ರು. ಅವರು ಬಂದಿದ್ದು ಎರಡು ತಾಸಿನ ಮೇಲೆ. ಸೋಮ್ಯಾ ಸತ್ತು ಒಂದು ತಾಸಿಗಿಂತ ಹೆಚ್ಚಾಗಿತ್ತು.

ಆ ವರ್ಷ ಎತ್ತು ಬಾಡಿಗೆಗೆ ತಂದು ಹೊಲ ಹರಗಿದ್ವಿ. "ಡಾಕ್ಟರ್ ಲಗೂನ ಬಂದಿದ್ರ ಉಳೀತಿತ್ತು" ಅಂತ ಅಪ್ಪ ಇಪ್ಪತ್ತು ವರ್ಷ ಹೇಳ್ತಾನೇ ಇದ್ದ. ಅಜ್ಜ ಆ ಮಾತು ಬಂದಾಗೆಲ್ಲ ಎದ್ದು ಹೊರಗೆ ಹೋಗ್ತಿದ್ದ.

ಡಾಕ್ಟ್ರು ಬರೋತನಕದ ಆ ಒಂದು ತಾಸು ಯಾರದು? ನಮ್ಮ ಕೆಲಸದಲ್ಲಿ ಸರ್ವರ್ ಬಿದ್ರೆ ಮೊದಲು ನೋಡೋನು ಆರ್ಕಿಟೆಕ್ಟ್ ಅಲ್ಲ, ರಾತ್ರಿ ಪಾಳಿಯಲ್ಲಿ ಕೂತಿರೋ ಹುಡುಗ. ಅವನ ಕೈಯಲ್ಲಿ ಒಂದು ರನ್‌ಬುಕ್ ಇರುತ್ತೆ. ದನದ ವಿಷಯದಲ್ಲಿ ಆ ರನ್‌ಬುಕ್ ಯಾರು ಬರೆದ್ರು, ಯಾರ ಕೈಯಿಂದ ಯಾರ ಕೈಗೆ ಹೋಯ್ತು, ಎಲ್ಲಿ ಕಳೀತು? ಅವತ್ತಿನಿಂದ ಇದನ್ನೇ ಹುಡುಕ್ತಾ ಇದ್ದೀನಿ. ನಾನು ಇತಿಹಾಸಕಾರ ಅಲ್ಲ, ಬಿ.ಇ. ಮಾಡಿದೋನು. ಆದ್ರೂ ಸಿಕ್ಕಿದ್ದನ್ನ ಹೇಳ್ತೀನಿ.

ರನ್‌ಬುಕ್ಕಿನ ಮೊದಲ ಪ್ರತಿ ಕನ್ನಡದಲ್ಲೇ ಇತ್ತು ಅನ್ನೋದು ನನಗೇ ಆಶ್ಚರ್ಯ. ಸುಮಾರು 1100ರ ಹೊತ್ತಿಗೆ ಕೀರ್ತಿವರ್ಮ ಅನ್ನೋನು 'ಗೋವೈದ್ಯ' ಅಂತ ಒಂದು ಗ್ರಂಥ ಬರೆದ. ಕಲ್ಯಾಣ ಚಾಲುಕ್ಯರ ರಾಜಕುಮಾರ, ಆರನೇ ವಿಕ್ರಮಾದಿತ್ಯನ ತಮ್ಮ. ಆಗ ನಮ್ಮ ಸವದತ್ತಿಯ ಹೆಸರು ಸುಗಂಧವರ್ತಿ. ಅಲ್ಲಿ ಆಳ್ತಿದ್ದ ರಟ್ಟರು ಇದೇ ಚಾಲುಕ್ಯರ ಸಾಮಂತರು. ಗ್ರಂಥದಲ್ಲಿ ಅರ್ಧ ಔಷಧ, ಅರ್ಧ ಮಂತ್ರ. ನಗಬೇಡಿ. ಅರಮನೆಯಲ್ಲಿ ಹುಟ್ಟಿದೋನು ಆಕಳ ಬೇನೆ ಬಗ್ಗೆ, ಅದೂ ಸಂಸ್ಕೃತ ಬಿಟ್ಟು ಕನ್ನಡದಲ್ಲಿ ಬರೀಬೇಕಾದ್ರೆ, ದನ ಕಟ್ಟಿದ ಮನೆಯಲ್ಲಿ ಅದು ಉಪಯೋಗಕ್ಕೆ ಬರ್ಲಿ ಅನ್ನೋ ಮನಸ್ಸು ಇದ್ದಿರಬೇಕು. ಯಾರೋ ಓದಿ ಹೇಳಿದರೆ ದನ ಕಾಯೋನಿಗೂ ತಿಳೀತಿತ್ತು. ಇದು ನನ್ನ ಊಹೆ.

ನಮ್ಮ ಕಡೆ ದನ ಅಂದ್ರೆ ಬರೀ ಹೈನ ಅಲ್ಲ, ಯುದ್ಧಕ್ಕೂ ಅದೇ ಕಾರಣ. ಬೈಲಹೊಂಗಲ ತಾಲೂಕಿನ ಬೆಳವಡಿಯ ಮಲ್ಲಮ್ಮ ಶಿವಾಜಿಯ ಸೈನ್ಯದ ಜೊತೆ ಕಾದಿದ್ದು ಶುರುವಾಗಿದ್ದೇ ದನದ ಜಗಳದಿಂದ. ಯಾರ ದನ ಯಾರು ಹಿಡಿದ್ರು ಅನ್ನೋದನ್ನ ಎರಡೂ ಕಡೆಯವರು ಬೇರೆಬೇರೆ ಥರ ಹೇಳ್ತಾರೆ, ಆ ತಂಟೆ ನನಗೆ ಬೇಡ.

1800ನೇ ಇಸವಿ ಜುಲೈ 30ರಂದು ಸವದತ್ತಿ ತಾಲೂಕಿನ ಮುನವಳ್ಳಿ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ, ದೋಂಡಿಯಾ ವಾಘ್‌ನ ಬಿಡಾರದ ಮೇಲೆ ಆರ್ಥರ್ ವೆಲ್ಲೆಸ್ಲಿ ಎರಗಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಅದೇ ವೆಲ್ಲೆಸ್ಲಿ. ಆನೆ, ಒಂಟೆ, ಕುದುರೆ, ಎತ್ತು, ಜನ, ಎಲ್ಲ ಹೊಳೆಗೆ ಬಿದ್ದವು. ದೋಂಡಿಯಾನನ್ನ ವಾರಗಟ್ಟಲೆ ಬೆನ್ನಟ್ಟೋಕೆ ಅವನಿಗೆ ಸಾಧ್ಯ ಆಗಿದ್ದೇ ಎತ್ತುಗಳಿಂದ. ತೋಪು ಎಳೆಯೋದು ಎತ್ತು, ಅಕ್ಕಿ ಹೊರೋದು ಎತ್ತು. ಒಳ್ಳೇ ಎತ್ತು, ಅದನ್ನ ಚೆನ್ನಾಗಿ ಹೊಡೆಯೋನು, ಚೆನ್ನಾಗಿ ನೋಡಿಕೊಳ್ಳೋನು ಇಲ್ಲದೆ ಸೈನ್ಯ ಬೇಗ ಚಲಿಸೋಕೆ ಆಗಲ್ಲ ಅನ್ನೋ ಅರ್ಥದ ಮಾತು ಅವನ ಪತ್ರಗಳಲ್ಲೇ ಇದೆ. 'ಚೆನ್ನಾಗಿ ನೋಡಿಕೊಳ್ಳೋನು' ಅನ್ನೋದನ್ನ ಗಮನಿಸಿ.

ಈ ನೋಡಿಕೊಳ್ಳೋರ ವ್ಯವಸ್ಥೆ ಮೈಸೂರಿನಲ್ಲಿ ಮೊದಲೇ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನ ಟಿಪ್ಪು ಅಮೃತಮಹಲ್ ಅಂತ ಕರೆದ. ದನಕ್ಕೆ ಕಾವಲು, ಕಾವಲಿಗೆ ದರೋಗ, ಅವನ ಕೆಳಗೆ ಸೇರ್ವೆಗಾರರು, ಎಲ್ಲರಿಗೂ ಏನು ಮಾಡಬೇಕು ಅಂತ ಹುಕುಂನಾಮೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ದನ ಕೈ ಬದಲಾಯಿಸಿದವು, ಮುಂದಿನ ವರ್ಷಗಳಲ್ಲಿ ಹಿಂಡು ಕೆಟ್ಟಿತು. 1813ರಲ್ಲಿ ಹಾರ್ವೆ ಅನ್ನೋ ಕ್ಯಾಪ್ಟನ್ ಬಂದು ಮತ್ತೆ ಸರಿಪಡಿಸಬೇಕಾಯ್ತು. ತಳಿ ಅದೇ, ಕಾವಲು ಅದೇ. ವ್ಯವಸ್ಥೆ ಸಡಿಲಾದರೆ ಹತ್ತು–ಹದಿನೈದು ವರ್ಷದಲ್ಲಿ ಏನಾಗುತ್ತೆ ನೋಡಿ. ಟೀಮ್ ಬಿಟ್ಟುಹೋದ ಮೇಲೆ ಕೋಡ್ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆಮೇಲೆ ಬಂತು ದೊಡ್ಡರೋಗ. ರಿಂಡರ್‌ಪೆಸ್ಟ್. ನಮ್ಮ ಅಜ್ಜ ಅದರ ಹೆಸರು ಹೇಳುವಾಗ ದನಿ ಇಳಿಸ್ತಿದ್ದ. ಜ್ವರ, ಬಾಯಿ ಹುಣ್ಣು, ಭೇದಿ, ಒಂದು ವಾರದಲ್ಲಿ ಕೊಟ್ಟಿಗೆ ಖಾಲಿ. ಜಗತ್ತಿನ ಮೊದಲ ಪಶುವೈದ್ಯ ಶಾಲೆ ಫ್ರಾನ್ಸಿನ ಲಿಯೋನಿನಲ್ಲಿ, 1760ರ ದಶಕದ ಶುರುವಿನಲ್ಲಿ, ಕ್ಲಾಡ್ ಬೂರ್ಜೆಲಾ ಕೈಯಲ್ಲಿ ಹುಟ್ಟೋಕೂ ಇದೇ ರೋಗದ ಭಯ ಒಂದು ಕಾರಣ. ಇಲ್ಲಿ ಬ್ರಿಟಿಷ್ ಸರ್ಕಾರ 1869ರಲ್ಲಿ ದನದ ಪಿಡುಗಿನ ಬಗ್ಗೆ ಹ್ಯಾಲೆನ್ ನೇತೃತ್ವದಲ್ಲಿ ಆಯೋಗ ಮಾಡಿತು, 1871ರಲ್ಲಿ ವರದಿ ಬಂತು. 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ, ಅದು 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಕಿತ್ತೂರು, ಬೈಲಹೊಂಗಲ, ಸವದತ್ತಿ ಎಲ್ಲ ಆಗ ಮುಂಬೈ ಪ್ರಾಂತ್ಯ, 1956ರ ತನಕ ನಮ್ಮ ದೊಡ್ಡ ಊರು ಬೆಂಗಳೂರಲ್ಲ, ಮುಂಬೈ. (ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನ, ವಿಲೀನ ಆಗಿದ್ದು 1948ರಲ್ಲಿ.) ಹಾಗಾಗಿ ನಮ್ಮ ಕಡೆಯ 'ದನದ ಡಾಕ್ಟರ್' ಅನ್ನೋ ಮನುಷ್ಯನ ಮೂಲ ಹುಡುಕಬೇಕಂದ್ರೆ ಮುಂಬೈಗೆ ಹೋಗಬೇಕು. ಹೋದ್ರೆ ಸಿಗೋದು ಒಂದು ಆಶ್ರಯಧಾಮ.

1832ರಲ್ಲಿ ಮುಂಬೈ ಸರ್ಕಾರ ಬೀದಿನಾಯಿ ಕೊಲ್ಲೋಕೆ ಹೊರಟಾಗ ಪಾರ್ಸಿಗಳು ತಿರುಗಿಬಿದ್ದರು, ಗಲಭೆಯೇ ಆಯ್ತು. ಅದರ ಬೆನ್ನಿಗೆ 1834ರಲ್ಲಿ ಭುಲೇಶ್ವರದಲ್ಲಿ ಪಾಂಜರಾಪೋಳ ಶುರುವಾಯ್ತು. ಜಮ್‌ಶೇಟ್‌ಜಿ ಜೀಜೀಭಾಯಿ ಮುಂತಾದ ಶೇಟ್‌ಗಳ ದುಡ್ಡು. ಮುದಿ ಎತ್ತು, ಕುಂಟ ಕುದುರೆ, ಬೀದಿನಾಯಿ, ಎಲ್ಲಕ್ಕೂ ಜಾಗ. ಆದ್ರೆ ಪಾಂಜರಾಪೋಳದಲ್ಲಿ ಸಿಗ್ತಿದ್ದಿದ್ದು ಮುಖ್ಯವಾಗಿ ಮೇವು ಮತ್ತು ನೆರಳು. ಚಿಕಿತ್ಸೆಯನ್ನೇ ಕಸುಬು ಮಾಡಿಕೊಂಡ ಜಾಗ ಆಮೇಲೆ ಬಂತು, 1880ರ ದಶಕದಲ್ಲಿ, ಪರೇಲಿನಲ್ಲಿ: ಬಾಯಿ ಸಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ. ಹತ್ತಿ ಗಿರಣಿಗಳ ದೊಡ್ಡ ಮಾಲೀಕ ದಿನ್ಶಾ ಪೆಟಿಟ್ ದಾನ ಕೊಟ್ಟು, ಹೆಂಡತಿ ಹೆಸರಿಟ್ಟ ಆಸ್ಪತ್ರೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯೋ ಸಂಘ ಅದನ್ನ ನಡೆಸ್ತಿತ್ತು. 1886ರಲ್ಲಿ ಅದೇ ಆವರಣದಲ್ಲಿ ಮುಂಬೈ ಪಶುವೈದ್ಯ ಕಾಲೇಜು ಶುರು ಆಯ್ತು, ಜೆ. ಎಚ್. ಸ್ಟೀಲ್ ಮೊದಲ ಪ್ರಾಂಶುಪಾಲ.

ಅಂದ್ರೆ ನಮ್ಮ ಪ್ರಾಂತ್ಯದಲ್ಲಿ ಪಶುವೈದ್ಯರನ್ನ ತಯಾರು ಮಾಡಿದ್ದು ಒಂದು ಧರ್ಮದ ಆಸ್ಪತ್ರೆಯ ಅಂಗಳ. ಟ್ರಾಮಿನ ಕುದುರೆ ಬಿದ್ದು ಬಂತು, ಗಾಡಿ ಎತ್ತಿನ ಹೆಗಲು ಹುಣ್ಣಾಗಿ ಬಂತು, ಹುಡುಗರು ಅದರ ಮೇಲೆ ಕೈಯಿಟ್ಟು ಕಲಿತರು. ಪುಸ್ತಕದ ಪಾಠದ ಪಕ್ಕದಲ್ಲೇ ತುರ್ತು ಇತ್ತು. ಅಲ್ಲಿ ಕಲಿತವರು ಪ್ರಾಂತ್ಯದ ದವಾಖಾನೆಗಳಿಗೆ ಹೋದರು. ಅಂಥ ಪದ್ಧತಿಯ ಕೊನೇ ತುದಿಯಲ್ಲಿ ನಿಂತಿದ್ದವರು ನಮ್ಮಪ್ಪ ಸೈಕಲ್ ತುಳಿದು ಹುಡುಕಿದ ಆ ಡಾಕ್ಟರು.

ಎಲ್ಲ ಒಳ್ಳೇದಾಯ್ತು, ಒಂದನ್ನ ಬಿಟ್ಟು. ಡಾಕ್ಟರ್ ಹುಟ್ಟಿದ ಮೇಲೆ ಉಳಿದವರೆಲ್ಲ 'ಡಾಕ್ಟರಲ್ಲದವರು' ಆದರು. ನಾಲ ಬಡಿಯೋನು, ಗೊಟ್ಟ ಹಾಕೋನು, ಬರೆ ಎಳೆಯೋನು, ಸಂತೆಯಲ್ಲಿ ವಸಡು ನೋಡೋನು, ಇವರಿಗೆ ಗೊತ್ತಿದ್ದರಲ್ಲಿ ಸರಿ ಯಾವುದು ತಪ್ಪು ಯಾವುದು ಅಂತ ಕೂತು ಬೇರೆ ಮಾಡಿದೋರು ಕಡಿಮೆ. ಸರಿಯಿದ್ದದ್ದೂ 'ಹಳ್ಳಿ ವಿದ್ಯೆ' ಅಂತ ಹೋಯ್ತು, ತಪ್ಪಿದ್ದದ್ದು ಹಾಗೇ ಉಳೀತು. ಬರೆ ಹಾಕೋದು ಉಳೀತು. ಮಲಗಿದ ದನಕ್ಕೆ ಗೊಟ್ಟ ಹಾಕೋದು ಉಳೀತು.

ಇದೇ ಜಗಳ ಇಂಗ್ಲೆಂಡಿನಲ್ಲೂ ನಡೀತು. 1917ರಲ್ಲಿ ಮರಿಯಾ ಡಿಕಿನ್ ಅನ್ನೋ ಹೆಂಗಸು ಲಂಡನ್ನಿನ ಬಡವರ ಕೇರಿ ವೈಟ್‌ಚಾಪೆಲ್‌ನ ಒಂದು ನೆಲಮಾಳಿಗೆಯಲ್ಲಿ ಬಡವರ ಪ್ರಾಣಿಗಳಿಗೆ ಪುಕ್ಕಟೆ ದವಾಖಾನೆ ತೆಗೆದಳು. ಪದವಿ ಇದ್ದ ವೈದ್ಯರು ಸಾಲಲಿಲ್ಲ, ಸಂಸ್ಥೆ ತನ್ನ ಕೆಲಸಗಾರರನ್ನ ತಾನೇ ತರಬೇತಿ ಕೊಟ್ಟು ತಯಾರು ಮಾಡ್ತು. ಪಶುವೈದ್ಯರಿಗೆ ಸಿಟ್ಟು ಬಂತು: ಓದದವನು ಸೂಜಿ ಹಿಡಿಯೋದಾ? ಡಿಕಿನ್ ಕಡೆಯವರ ವಾದ ಸರಳ: ನೀವು ಈ ಕೇರಿಗೆ ಬರ್ತಿಲ್ಲವಲ್ಲ. ಜಗಳ ವರ್ಷಾನುಗಟ್ಟಲೆ ನಡೆದು 1948ರ ಕಾಯ್ದೆಯಲ್ಲಿ ಒಂದು ರಾಜಿಗೆ ಬಂತು. ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ನನಗೆ ಎರಡೂ ಕಡೆ ಸರಿ ಅನ್ನಿಸುತ್ತೆ. ಅರೆಬರೆ ಕಲಿತವನ ಕೈಯಲ್ಲಿ ಸೂಜಿ ಏನು ಮಾಡುತ್ತೆ ಅಂತ ಹಳ್ಳಿಯಲ್ಲಿ ನೋಡಿದ್ದೀನಿ. ಯಾರೂ ಬರದೇ ಇದ್ರೆ ಏನಾಗುತ್ತೆ ಅಂತಾನೂ ನೋಡಿದ್ದೀನಿ.

ನಮ್ಮ ದೇಶದ ಉತ್ತರ 1984ರ ಪಶುವೈದ್ಯ ಪರಿಷತ್ ಕಾಯ್ದೆಯಲ್ಲಿದೆ. ಚಿಕಿತ್ಸೆ ಮಾಡೋ ಹಕ್ಕು ನೋಂದಾಯಿತ ಪಶುವೈದ್ಯರದ್ದು. ಆದ್ರೆ ಡಿಪ್ಲೊಮಾ ಅಥವಾ ಪ್ರಮಾಣಪತ್ರ ಇದ್ದೋರಿಗೆ, ವೈದ್ಯರ ಮೇಲ್ವಿಚಾರಣೆಯಲ್ಲಿ, ಲಸಿಕೆ, ಗಾಯಕ್ಕೆ ಪಟ್ಟಿ ಕಟ್ಟೋದು ಇಂಥ ಪ್ರಾಥಮಿಕ ನೆರವಿಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಆಶ್ರಯಧಾಮದ ಕೆಲಸಗಾರ ಈ ಗೆರೆಯ ಹತ್ತಿರವೇ ನಿಂತಿರ್ತಾನೆ. ಔಷಧ ಕೊಡೋಹಾಗಿಲ್ಲ, ಕೊಯ್ಯೋಹಾಗಿಲ್ಲ. ಆದ್ರೆ ರಕ್ತ ಸೋರೋ ಜಾಗವನ್ನ ಬಟ್ಟೆ ಇಟ್ಟು ಒತ್ತಿ ಹಿಡಿಯೋಕೆ ಯಾವ ಕಾಯ್ದೆಯೂ ಬೇಡ ಅನ್ನೋದಿಲ್ಲ. ಸಮಸ್ಯೆ ಏನಂದ್ರೆ ಇದನ್ನ ಅವನಿಗೆ ಯಾರೂ ಹೇಳಿರೋದಿಲ್ಲ.

ನಾನು ಹೋಗೋ ಆಶ್ರಯಧಾಮದಲ್ಲಿ ಆ ತರಬೇತಿಗೆ ಮೊದಲು ಒಂದು ಘಟನೆ ಆಗಿತ್ತು. ತೊಡೆ ಸೀಳಿದ್ದ ನಾಯಿಯೊಂದನ್ನ ತಂದಿದ್ದರು. ಅಲ್ಲಿದ್ದ ಮೂವರಿಗೂ ನಾಯಿ ಹಿಡಿಯೋದು ಚೆನ್ನಾಗಿ ಗೊತ್ತು. ಆದ್ರೆ "ಡಾಕ್ಟರ್ ಬರೋತನಕ ಯಾರೂ ಮುಟ್ಟಬೇಡಿ" ಅಂತ ಅವರಿಗೆ ಹೇಳಲಾಗಿತ್ತು. ಮುಟ್ಟಲಿಲ್ಲ. ನಲವತ್ತು ನಿಮಿಷ ಮೂರು ಜನ ಸುತ್ತ ನಿಂತು ನೋಡಿದರು. ನಾನೂ ಇದ್ದೆ, ನಾಲ್ಕನೆಯವನಾಗಿ, ಕೈಯಲ್ಲಿ ಫೋನು ಹಿಡ್ಕೊಂಡು.

ಬೆಂಗಳೂರಲ್ಲಿ ಇಂಥ ಕೆಲಸ ಒಂದು ರೂಪಕ್ಕೆ ಬರೋದ್ರಲ್ಲಿ ಕ್ರಿಸ್ಟಲ್ ರೋಜರ್ಸ್ ಅನ್ನೋ ಇಂಗ್ಲಿಷ್ ಹೆಂಗಸಿನ ಪಾಲು ದೊಡ್ಡದು. ದಿಲ್ಲಿಯಲ್ಲಿ 1959ರಲ್ಲಿ ಶುರು ಮಾಡಿ, ಜೈಪುರದಲ್ಲಿ 1980ರಲ್ಲಿ 'ಹೆಲ್ಪ್ ಇನ್ ಸಫರಿಂಗ್' ಕಟ್ಟಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ 'ಕುಪಾ' ಕಟ್ಟಿದರು. 1996ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲು ರುಕ್ಮಿಣಿ ದೇವಿ ಅರುಂಡೇಲ್ ಅವರ ಹಟದಿಂದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಬಂದಿದ್ದವು. 2001ರಲ್ಲಿ ಬೀದಿನಾಯಿ ಸಂತಾನಹರಣದ ನಿಯಮ ಬಂದ ಮೇಲೆ ಊರೂರಲ್ಲಿ ನಾಯಿ ಹಿಡಿಯೋರು ಬೇಕಾದರು, ಆಪರೇಷನ್ ಆದ ನಾಯಿಯನ್ನ ರಾತ್ರಿಯೆಲ್ಲ ನೋಡೋರು ಬೇಕಾದರು. ಆಗ ತರಬೇತಿಯ ಮಾತು ಗಂಭೀರ ಆಯ್ತು. ಊಟಿಯಲ್ಲಿ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್‌ನ ತರಬೇತಿ ಕೇಂದ್ರ ಇದೆ, ಅಲ್ಲಿ ವೈದ್ಯರ ಜೊತೆ ನಾಯಿ ಹಿಡಿಯೋರಿಗೂ ಪಾಠ ನಡೆಯುತ್ತೆ.

ಅವತ್ತು ನಾವು ಕಲಿತಿದ್ದು ತುಂಬಾ ಇಲ್ಲ. ಕಲಿಸೋ ರೀತಿ ಮಾತ್ರ ನನಗೆ ಹಿಡಿಸ್ತು. ಮೊದಲ ಪಾಠ ಪ್ರಾಣಿದಲ್ಲ, ನಮ್ಮದು: ರೇಬಿಸ್ ಲಸಿಕೆ ಮೊದಲೇ ತಗೊಳ್ಳದವನು ನಾಯಿ ಮುಟ್ಟಬಾರದು. ನೋವಲ್ಲಿರೋ ನಾಯಿ ಸಾಕಿದವನನ್ನೂ ಕಚ್ಚುತ್ತೆ, ಅದಕ್ಕೆ ಮೂತಿಗೆ ಬ್ಯಾಂಡೇಜ್ ಬಟ್ಟೆಯಿಂದ ಸುತ್ತು ಹಾಕಿ ಕಿವಿ ಹಿಂದೆ ಕಟ್ಟಬೇಕು. ವಾಂತಿ ಮಾಡ್ತಿದ್ರೆ, ಉಸಿರು ಕಷ್ಟ ಆಗಿದ್ರೆ ಕಟ್ಟಬಾರದು. ಕಾಲು ಹಿಡಿದು ಎತ್ತಬಾರದು. ಕಂಬಳಿಯ ಮೇಲೆ ಮೆಲ್ಲಗೆ ಎಳೆದುಕೊಂಡು, ಅದನ್ನೇ ಸ್ಟ್ರೆಚರ್ ಮಾಡಿ ಇಬ್ಬರು ಹಿಡಿಯಬೇಕು. ರಕ್ತ ಬರೋ ಕಡೆ ಶುದ್ಧ ಬಟ್ಟೆ ಇಟ್ಟು ಒತ್ತಬೇಕು. ಬಟ್ಟೆ ನೆನೆದ್ರೆ ತೆಗೀಬಾರದು, ಮೇಲೊಂದು ಇಡಬೇಕು. ಈ ಕೊನೇ ಸಾಲು ಹೇಳುವಾಗ ಆ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎದೆ ಒತ್ತೋದನ್ನ ಬೊಂಬೆಯ ಮೇಲೆ ಮಾಡಿಸಿದ್ರು. ನಾಯಿ–ಬೆಕ್ಕಿಗೆ ಹೃದಯ ನಿಂತಾಗ ಏನು ಮಾಡಬೇಕು ಅನ್ನೋದಕ್ಕೆ ಪುರಾವೆ ಕಲೆಹಾಕಿ ಮಾಡಿದ 'ರಿಕವರ್' ಮಾರ್ಗಸೂಚಿ ಬಂದಿದ್ದೇ 2012ರಲ್ಲಿ, ಪರಿಷ್ಕರಣೆ 2024ರಲ್ಲಿ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಉಸಿರಿನ ಕೊಳವೆ ಹಾಕದಿದ್ದಾಗ 30 ಸಲ ಒತ್ತಿ 2 ಸಲ ಮೂಗಿನ ಮೂಲಕ ಉಸಿರು ಕೊಡಬೇಕು. ಎರಡು ನಿಮಿಷಕ್ಕೆ ನಮ್ಮ ಐಟಿ ಭುಜಗಳು ಸೋತವು. ರಾಮದುರ್ಗದ ಹುಡುಗನಿಗೆ ಬೆವರೂ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮೊದಲು ದನದ ಪಾಠ. ಆ ಆಶ್ರಯಧಾಮಕ್ಕೆ ಪ್ಲಾಸ್ಟಿಕ್ ತಿಂದ ಬೀದಿ ದನವೂ ಬರ್ತವೆ. ಹೊಟ್ಟೆ ಉಬ್ಬರ ಅಂದ್ರೆ ಎಡಗಡೆ ಪಕ್ಕೆಯ ಹಿಂದೆ ಗುಳಿ ತುಂಬಿ ಡೋಲಿನ ಹಾಗೆ ಶಬ್ದ ಬರುತ್ತೆ. ಬಿದ್ದ ದನವನ್ನ ಪಕ್ಕಕ್ಕೆ ಮಲಗೋಕೆ ಬಿಡದೆ ಎದೆಯ ಮೇಲೆ ಕೂರಿಸಬೇಕು, ಹುಲ್ಲಿನ ಹೊರೆಯನ್ನೋ ಮರಳು ಚೀಲವನ್ನೋ ಒತ್ತುಕೊಟ್ಟು. ಆಮೇಲೆ ವೈದ್ಯೆ ನನ್ನ ಬೆಳಗಿನ ಪ್ರಶ್ನೆಗೆ ಬಂದ್ರು. ಬಾಡಿದ ಎಳೇ ಜೋಳದಲ್ಲಿ ಒಂದು ವಸ್ತು ಇರುತ್ತೆ, ದನ ಅಗಿದು ನುಂಗಿದಾಗ ಅದು ಸಯನೈಡ್ ಆಗುತ್ತೆ. ಮಳೆ ಕೈಕೊಟ್ಟು ಬೆಳೆ ಕುಂಠಿತ ಆದಷ್ಟೂ ವಿಷ ಹೆಚ್ಚು. ರಕ್ತದಲ್ಲಿ ಆಮ್ಲಜನಕ ಇರುತ್ತೆ, ಮೈಯ ಜೀವಕೋಶಕ್ಕೆ ಅದನ್ನ ಬಳಸೋಕೆ ಆಗಲ್ಲ. ಅದಕ್ಕೇ ರಕ್ತ, ವಸಡು ಎಲ್ಲ ಕಡುಗೆಂಪು. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಅನ್ನ ರಕ್ತನಾಳಕ್ಕೆ ಕೊಟ್ಟರೆ ಉಳಿಯಬಹುದು, ಅದೂ ನಿಮಿಷಗಳ ಲೆಕ್ಕದಲ್ಲಿ.

"ಗೊಟ್ಟ ಹಾಕಿದ್ರೆ?" ಅಂದೆ.

"ನಿಂತಿರೋ ದನಕ್ಕೂ ತಲೆ ಜಾಸ್ತಿ ಎತ್ತದೆ, ಸ್ವಲ್ಪ ಸ್ವಲ್ಪ, ಬಹಳ ಎಚ್ಚರಿಕೆಯಿಂದ. ಮಲಗಿ ನಡುಗ್ತಿರೋ ದನಕ್ಕೆ ಹಾಕಿದ್ರೆ ಸೀದಾ ಪುಪ್ಪುಸಕ್ಕೆ."

ಊಟ ಸೇರಲಿಲ್ಲ. ಡಾಕ್ಟರು ಎರಡಲ್ಲ, ಒಂದು ತಾಸಿಗೆ ಬಂದಿದ್ರೂ ಸೋಮ್ಯಾ ಉಳೀತಿರಲಿಲ್ಲ. ಅಪ್ಪನ ಇಪ್ಪತ್ತು ವರ್ಷದ ಸಿಟ್ಟಿಗೆ ಆಧಾರ ಇರಲಿಲ್ಲ. ಇನ್ನು ಅಜ್ಜ ಏನು ಮಾಡಿದ್ದ ಅನ್ನೋದನ್ನ ನಾನು ಪೂರ್ತಿ ಯೋಚನೆ ಮಾಡೋಕೆ ಹೋಗಲಿಲ್ಲ.

ಆ ಹುಡುಗ ಪಕ್ಕದಲ್ಲಿ ಬಂದು ಕೂತ. 2019ರ ಆಗಸ್ಟ್ ಮಾತು ತೆಗೆದ. ಆ ಸಲ ಮಲಪ್ರಭೆ ಉಕ್ಕಿ, ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟು, ಮುನವಳ್ಳಿಯಿಂದ ರಾಮದುರ್ಗದ ತನಕ ಹೊಳೆಸಾಲಿನ ಊರುಗಳು ಮುಳುಗಿದ್ದವು. "ಮನ್ಯಾಗಿನ ಸಾಮಾನ ಎತ್ತೂದು ಬಿಟ್ಟು ನಮ್ಮವ್ವ ಮೊದಲ ಕುಡಗೋಲ ತಗೊಂಡ ಹೋಗಿ ದನದ ಹಗ್ಗ ಕೊಯ್ದಳ್ರಿ ಅಣ್ಣಾರ. ಗಂಟು ಬಿಚ್ಚಾಕ ಟೈಮ್ ಇರಲಿಲ್ಲ. ಬಿಟ್ಟ ದನ ಈಜಿ ದಂಡಿಗೆ ಹತ್ತಿದ್ವು. ಬಾಜೂ ಮನ್ಯಾವ್ರದು ಗ್ವಾದ್ಲ್ಯಾಗ ಕಟ್ಟಿದ್ದು ಕಟ್ಟಿದಂಗ..." ಅಂತ ನಿಲ್ಲಿಸಿದ. ಇದು ಯಾವ ಮಾರ್ಗಸೂಚಿಯಲ್ಲಿದೆಯೋ ಗೊತ್ತಿಲ್ಲ, ವೈದ್ಯೆಗೆ ಹೇಳಿದೆ, ಅವರು ಬರೆದುಕೊಂಡ್ರು.

ರಿಂಡರ್‌ಪೆಸ್ಟ್ ಕಥೆ ಮೇಲೆ ಅರ್ಧಕ್ಕೆ ಬಿಟ್ಟಿದ್ದೆ. ಭಾರತದಲ್ಲಿ ಕೊನೇ ಪ್ರಕರಣ 1995ರಲ್ಲಿ, ಜಗತ್ತಿನಿಂದಲೇ ಹೋಯ್ತು ಅಂತ ಘೋಷಣೆ ಆಗಿದ್ದು 2011ರಲ್ಲಿ. ಸಿಡುಬಿನ ನಂತರ ಮನುಷ್ಯ ಅಳಿಸಿಹಾಕಿದ ಎರಡನೇ ರೋಗ ಇದು. ಕೊನೇ ಮೈಲಿ ಹೇಗೆ ಮುಟ್ಟಿದರು ಗೊತ್ತಾ? ಇಥಿಯೋಪಿಯಾದ ಅಫಾರ್, ದಕ್ಷಿಣ ಸುಡಾನ್ ಕಡೆ, ಡಾಕ್ಟರ್ ಹೋಗೋಕೆ ಆಗದ ಜಾಗಗಳಲ್ಲಿ, ದನ ಕಾಯೋರಿಗೇ ತರಬೇತಿ ಕೊಟ್ಟು, ಬಿಸಿಲು ತಡೆಯೋ ಲಸಿಕೆ ಅವರ ಕೈಗೆ ಕೊಟ್ಟರು. ಲಿಯೋನಿನಲ್ಲಿ ಡಾಕ್ಟರನ್ನ ಹುಟ್ಟುಹಾಕಿದ ರೋಗವನ್ನ ಕಡೆಗೆ ಮುಗಿಸೋಕೆ ದನಗಾಹಿಯೂ ಬೇಕಾದ.

2022ರಲ್ಲಿ ನಮ್ಮಲ್ಲಿ ಚರ್ಮಗಂಟು ರೋಗ ಬಂತು. ಸಂತೆ–ಜಾತ್ರೆಗೆ ದನ ತರೋದಕ್ಕೆ ತಡೆ ಬಿತ್ತು. ಲಸಿಕೆಯ ಜೊತೆಗೆ ವೀಳ್ಯದೆಲೆ, ಕಾಳುಮೆಣಸು, ಉಪ್ಪು, ಬೆಲ್ಲ ಅರೆದು ತಿನ್ನಿಸಿ ಅಂತ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಹೇಳ್ತು. ಕೀರ್ತಿವರ್ಮ ಎಲ್ಲೋ ನಕ್ಕಿರಬೇಕು. ಅದೇ ವರ್ಷ ರಾಜ್ಯದಲ್ಲಿ ಪಶು ಸಂಜೀವಿನಿಯ 275 ಸಂಚಾರಿ ವಾಹನ ಬಂದವು, ಕರೆಯೋ ನಂಬರ್ 1962. ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿದ ವರ್ಷವೂ 1962, ಕಾಕತಾಳೀಯ ಇರಬೇಕು. ವಾಹನ ಬರುತ್ತೆ. ಆದ್ರೆ ಎಷ್ಟೇ ಬೇಗ ಬಂದ್ರೂ ಬರೋತನಕ ಒಂದು ಹೊತ್ತು ಇದ್ದೇ ಇರುತ್ತೆ.

ಅವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಈಗ ಮನೆಯಲ್ಲಿ ಎತ್ತಿಲ್ಲ, ಒಂದು ಎಮ್ಮೆ, ಒಂದು ಆಕಳು. ಹೇಳಲೋ ಬೇಡವೋ ಅಂತ ಸುತ್ತಿಬಳಸಿ ಕಡೆಗೆ ಹೇಳಿದೆ: ಅದು ಉಬ್ಬರ ಅಲ್ಲ ಅಪ್ಪಾ, ಜೋಳದ ವಿಷ. ಡಾಕ್ಟರ್ ಲಗೂ ಬಂದಿದ್ರೂ ಉಳೀತಿರಲಿಲ್ಲ. ಗೊಟ್ಟದ ಮಾತು ಎತ್ತಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಬಾಡಿದ ಜ್ವಾಳ ದನಕ್ಕ ಆಗಿ ಬರಂಗಿಲ್ಲ ಅನ್ನೂದು ಊರಿಗೆ ಗೊತ್ತಿತ್ತೋ ತಮ್ಮಾ. ನಿಮ್ಮಜ್ಜಗೂ ಗೊತ್ತಿತ್ತು, ನೋಡಿಕೊಂತ ಸುಮ್ನ ಹೆಂಗ ಕುಂದ್ರೂದು ಅಂತ ಎಣ್ಣಿ ಹಾಕಿದಾ. ಅವತ್ತ ಹಗ್ಗ ಸಡ್ಲ ಕಟ್ಟಿದಾಂವ ನಾನ. ಅಂವಗ ಅದೂ ಗೊತ್ತಿತ್ತು. ಸಾಯೂತನಕ ಒಂದ ಮಾತ ಅನ್ಲಿಲ್ಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ. "1962 ನಂಬರ್ ಬರ್ಕೊಂಡೀಯಾ?" ಅಂದೆ.

"ಗ್ವಾದ್ಲಿ ಮ್ಯಾಲಿನ ಗ್ವಾಡಿಗೆ ಸುಣ್ಣದಾಗ ಬರದೇನಿ. ಪಂಚಮಿಗೆ ಬಂದಾಗ ಆ ಗೊಟ್ಟ ಹೆಂಗ ಹಾಕ್ಬೇಕಂತ ತೋರ್ಸು. ಬಾಜೂ ಮನಿ ಹುಡುಗೂರ್ನೂ ಕರೀತೀನಿ."